ಐಸಿಯುವಿನಲ್ಲಿ ಒಬ್ಬ ಯಜಮಾನ

ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಇಸ್ತ್ರಿ ಅಂಗಿ ತೊಟ್ಟು ಹಾಜರಾಗುವ ಮನುಷ್ಯನೊಬ್ಬನಿದ್ದ. ನೀರು ಸರಬರಾಜು ಕಚೇರಿಯ ಗುಮಾಸ್ತ. ಅಲ್ಲಿ ಅವನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ದೊಡ್ಡವನೆನಿಸಿಕೊಳ್ಳುವ ಹಸಿವನ್ನು ಪರರ ಕಷ್ಟದಲ್ಲಿ ತೀರಿಸಿಕೊಳ್ಳುತ್ತಿದ್ದ. ಜನ ಅವನನ್ನು ಯಜಮಾನ ಎಂದು ಕರೆಯುತ್ತಿದ್ದರು. ಅದು ಕುಹಕವೆಂದು ಅವನ ತಲೆಗೆ ಎಂದೂ ಹೊಳೆದಿರಲಿಲ್ಲ.

ಅವನ ಅಣ್ಣನದು ಸೈಕಲ್ ರಿಪೇರಿ ಅಂಗಡಿ. ತಮ್ಮ ಅತ್ತ ತಲೆ ಹಾಕದೆ ವರ್ಷಗಳೇ ಆಗಿದ್ದವು. ಅಣ್ಣನಿಗೆ ನ್ಯುಮೋನಿಯಾ ಬಿಗಡಾಯಿಸಿ, ಐಸಿಯುವಿನಲ್ಲಿ ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರ್ ಹಾಕಿದರೆಂದು ಕೇಳಿದ್ದೇ ತಡ, ಓಡಿಬಂದು ಅತ್ತಿಗೆ ಎದ್ದ ಕುರ್ಚಿಯಲ್ಲಿ ಕುಳಿತ.

ಅಲ್ಲೊಂದು ಅಧ್ಯಯನ ನಡೆಯುತ್ತಿತ್ತು. ವೆಂಟಿಲೇಟರಿನಲ್ಲಿ ಇರುವವರನ್ನು ಔಷಧದಿಂದ ಗಾಢ ನಿದ್ದೆಯಲ್ಲಿ ಇಡುವುದು ಮೇಲೋ, ನೋವು ತಡೆದು ಎಚ್ಚರವಾಗಿ ಇಡುವುದು ಮೇಲೋ ಎಂದು. ವೈದ್ಯೆ ಮನೆಯವರ ಒಪ್ಪಿಗೆ ಕೇಳಲು ಬಂದರು.

"ಯಾವುದು ಒಳ್ಳೇದು ಅಂತ ನಿಮಗೇ ಗೊತ್ತಿಲ್ವಾ?" ಎಂದ ಯಜಮಾನ.

"ಇಲ್ಲ. ಅದಕ್ಕೇ ಅಧ್ಯಯನ. ಯಾರು ಯಾವ ಗುಂಪಿಗೆ ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ."

"ನಮ್ಮಣ್ಣನ ಮೇಲೆ ಲಾಟರಿನಾ? ನಾನು ಯಾರು ಗೊತ್ತಾ?"

ವೈದ್ಯೆಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವಂಥದ್ದೂ ಏನಿರಲಿಲ್ಲ. ಅವರು ಅತ್ತಿಗೆಯ ಕಡೆ ತಿರುಗಿದರು.

"ಎಚ್ಚರ ಇದ್ರೆ ಅವರಿಗೆ ಬಾಧೆ ಆಗಲ್ವಾ?" ಎಂದಳು ಆಕೆ.

"ಬಾಧೆ ಆದ್ರೆ ತಕ್ಷಣ ನಿದ್ದೆ ಮದ್ದು ಕೊಡ್ತೀವಿ. ನೀವು ಬೇಡ ಅಂದ ಗಳಿಗೆ ನಿಲ್ಲಿಸ್ತೀವಿ."

ಆಕೆ ಒಪ್ಪಿದಳು. ಅಣ್ಣ ಎಚ್ಚರದ ಗುಂಪಿಗೆ ಬಂದ. ಯಜಮಾನ ಮುಖ ಊದಿಸಿಕೊಂಡ. ಆಮೇಲೆ ವರಾಂಡದಲ್ಲಿ ನೆಂಟರಿಗೆ, "ದೊಡ್ಡ ಡಾಕ್ಟರ ಹತ್ತಿರ ಮಾತಾಡಿ ನಾನೇ ಅಧ್ಯಯನಕ್ಕೆ ಸೇರಿಸಿದೆ" ಎಂದು ಹೇಳಿಕೊಂಡು ಓಡಾಡಿದ. ನಾಚಿಕೆ ಅವನ ಹತ್ತಿರ ಸುಳಿಯುತ್ತಿರಲಿಲ್ಲ.

ಮರುದಿನ ಮಂಚದ ಪಕ್ಕದಲ್ಲೇ ನಿಂತು ಹೆಂಡತಿಗೆ ಫೋನು ಮಾಡಿದ. "ಇವನು ಇನ್ನು ಏಳೋದಿಲ್ಲ ಕಣೆ. ಅಂಗಡಿ ಜಾಗ ನಾವಿಟ್ಕೊಳ್ಳೋಣ. ಅತ್ತಿಗೆ ತವರಿಗೆ ಹೋಗ್ಲಿ."

ಅಣ್ಣನ ಕಣ್ಣುಗಳು ತೆರೆದೇ ಇದ್ದವು. ಮಾನಿಟರಿನಲ್ಲಿ ಎದೆಬಡಿತ ಏರಿ ಗಂಟೆ ಬಡಿದುಕೊಂಡಿತು. ನರ್ಸ್ ಬಂದಳು. "ಸ್ವಲ್ಪ ಹೊರಗೆ ಹೋಗಿ. ಅವರಿಗೆಲ್ಲಾ ಕೇಳ್ಸುತ್ತೆ."

"ಕೇಳಿಸಿದ್ರೇನಮ್ಮ, ಉತ್ತರ ಕೊಡೋಕಾಗುತ್ತಾ?" ಎಂದು ಹಲ್ಲು ಕಿರಿದ.

ನಳಿಕೆ ತೆಗೆದ ದಿನ ಯಜಮಾನ ಹಣ್ಣಿನ ಬುಟ್ಟಿ ಹಿಡಿದು ಬಂದ. ಅಣ್ಣನ ದನಿ ಒಡೆದು ಹೋಗಿತ್ತು. "ಎಲ್ಲಾ ಕೇಳಿಸ್ಕೊಂಡೆ. ಇನ್ನು ನನ್ನ ಹೊಸ್ತಿಲು ತುಳೀಬೇಡ."

ಬೇರೆಯವನಾಗಿದ್ದರೆ ಅಲ್ಲೇ ಕುಗ್ಗಿಹೋಗುತ್ತಿದ್ದ. ಇವನು ಅತ್ತಿಗೆಯ ಕಡೆ ನೋಡಿ, "ಐಸಿಯುಲಿ ಮಲಗಿದೋರಿಗೆ ಏನೇನೋ ಭ್ರಮೆ ಆಗುತ್ತಂತೆ" ಎಂದ. ಆಕೆ ಎದ್ದು ಬಾಗಿಲು ತೆರೆದು ಹಿಡಿದಳು. ಯಜಮಾನ ಬುಟ್ಟಿಯನ್ನೂ ಎತ್ತಿಕೊಂಡೇ ಹೋದ.