ಗುಂಡುಪಿನ್ನು ತೆಗೆದು ಕೇಳಿದವರು

ಟೈಲರಮ್ಮನ ತುಟಿಯ ಎಡತುದಿಯಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದವು. ಮಾತೆಲ್ಲ ಬಲತುದಿಯಿಂದ. "ನಾಳಿದ್ದು ಬನ್ನಿ", "ಬಟ್ಟೆ ಸಾಲ್ದು", "ತೋಳು ಗಿಡ್ಡ ಮಾಡಕ್ಕಾಗಲ್ಲ" ಎಂಬುದನ್ನೆಲ್ಲ ಪಿನ್ನು ಅಲುಗದ ಹಾಗೆ ಹೇಳುತ್ತಿದ್ದರು. ತಾಲ್ಲೂಕು ಕಚೇರಿಯ ಸಾಹೇಬರ ಹೆಂಡತಿ ಬಂದರೂ ಅಷ್ಟೆ, ಹೈಸ್ಕೂಲಿನ ಹೆಡ್‌ಮಾಸ್ಟರು ಬಂದರೂ ಅಷ್ಟೆ. ಆದರೆ ಮಗುವೊಂದು ಬಾಯಿ ತೆರೆಯಲು ಹೊರಟರೆ ಸಾಕು, ಮಿಷನ್ನು ತುಳಿಯುವುದನ್ನು ನಿಲ್ಲಿಸಿ, ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು, ಪಕ್ಕದಲ್ಲಿದ್ದ ಬಟ್ಟೆ ಉಂಡೆಗೆ ಚುಚ್ಚಿಟ್ಟು, "ಈಗ ಅದೇನು ಅಂತ ಏಳು ಕೂಸೇ" ಅನ್ನುತ್ತಿದ್ದರು. ನಾಲ್ಕೂ ತೆಗೆಯುವ ತನಕ ಮಗು ಕಾಯಬೇಕು. ಕಾಯುತ್ತಿದ್ದವು ಕೂಡ.

ಅವರ ಅಂಗಡಿ ತಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ನನ್ನ ತವರುಮನೆ ಅಲ್ಲಿಗೆ ನಾಲ್ಕು ಹೆಜ್ಜೆ. ನನ್ನ ಶಾಲೆಯ ನೀಲಿ ಲಂಗ ಹೊಲಿದವರೂ ಅವರೇ. ಎರಡು ತಾಲ್ಲೂಕಿನ ಅರ್ಧಕ್ಕರ್ಧ ಶಾಲೆಗಳ ಯೂನಿಫಾರ್ಮು ಆ ಪುಟ್ಟ ಅಂಗಡಿಯಿಂದಲೇ ಹೋಗುತ್ತಿತ್ತು. ಅವರದೊಂದು ಪದ್ಧತಿ ಇತ್ತು, ಅದರಿಂದ ಎಷ್ಟೋ ಜನ ಬೈದುಕೊಂಡು ಹೋಗಿದ್ದುಂಟು. ಮಗುವಿನ ಅಳತೆಯನ್ನು ಚೀಟಿಯಲ್ಲಿ ಬರೆದು ತಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಹಳೆಯ ಅಂಗಿ ತಂದರೂ ಆಗದು. ಮಗುವೇ ಬರಬೇಕು, ಬಂದು ಅವರ ಜೊತೆ ನಾಲ್ಕು ಮಾತಾಡಬೇಕು, ಆಮೇಲೇ ಟೇಪು ಅದರ ಎದೆಯ ಸುತ್ತ ಹೋಗುವುದು. ಅಂಜಿದ ಮಗು ಉಸಿರು ಬಿಗಿಹಿಡಿದಿರುತ್ತದೆ, ಆಗ ತೆಗೆದ ಅಳತೆ ಸುಳ್ಳು ಅನ್ನುವುದು ಅವರ ವಾದ. "ಅಳತೆ ಕೊಡೋದು ಕೂಸು ಕಣವ್ವ, ನೀನಲ್ಲ" ಅಂತ ನನ್ನ ಅಮ್ಮನಿಗೂ ಹೇಳಿದ್ದರು, ಮುಂದೆ ನನಗೂ ಹೇಳಿದರು.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಮದುವೆಯಾದ ಮೇಲೆ ನಂಜನಗೂಡಿನಲ್ಲಿ ಮನೆ, ಪಕ್ಕದ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಒಂದು ಸಲ ಹೊರಗಿನಿಂದ ತಪಾಸಣೆಗೆ ಬಂದವರು, ನಾನೇ ಮಾಡಿದ ಪರೀಕ್ಷೆಯ ಬಗ್ಗೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ತಲೆಯಲ್ಲಿತ್ತು, ಬಾಯಿಗೆ ಬರಲಿಲ್ಲ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಮುಂದೆ ಬಂದು ಪಟಪಟ ಹೇಳಿದಳು. ಅರ್ಧ ತಪ್ಪು ಹೇಳಿದಳು, ಆದರೂ ಎಲ್ಲರೂ ತಲೆಯಾಡಿಸಿದರು. ಅವತ್ತು ಕಂಪನಿ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ನನ್ನ ಮಗಳಿಗೆ ಈ ಗತಿ ಬರಕೂಡದು ಅಂತ ಅವತ್ತೇ ತೀರ್ಮಾನ ಮಾಡಿದೆ. ನಾನು ತೀರ್ಮಾನ ಮಾಡಿದೆ ಅಂದರೆ ಮುಗಿಯಿತು, ಬೇಕಾದರೆ ನನ್ನ ಗಂಡನನ್ನು ಕೇಳಿ.

ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಮೈಸೂರು ರಸ್ತೆಯಲ್ಲಿ ದೊಡ್ಡದೊಂದು ಇಂಟರ್‌ನ್ಯಾಷನಲ್ ಶಾಲೆ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಗೇಟಿನ ಮೇಲೆ ಏಳೆಂಟು ಭಾಷೆಗಳಲ್ಲಿ ಸ್ವಾಗತ. ಇಂಗ್ಲಿಷ್, ಹಿಂದಿ, ಕನ್ನಡದ ಜೊತೆಗೆ ಫ್ರೆಂಚು ಕೂಡ ಕಲಿಸುತ್ತಾರಂತೆ. ಸೇರಿಸಿದರೆ ಇಲ್ಲಿಗೇ ಅಂದುಕೊಂಡೆ. ಮೇ ತಿಂಗಳಲ್ಲಿ ಮಗುವಿಗೆ ಸಂದರ್ಶನ ಅಂದರು. ಮನೆಗೆ ಬಂದವಳೇ ಕಾನೂನು ಮಾಡಿದೆ. ಇವತ್ತಿನಿಂದ ಈ ಮನೆಯಲ್ಲಿ ಮಗುವಿನ ಜೊತೆ ಯಾರೂ ಕನ್ನಡ ಮಾತಾಡಕೂಡದು, ಮಗುವೂ ಆಡಕೂಡದು.

ಹದಿನಾರು ಎಂಬ ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆಗೆ ಗೊತ್ತಿದ್ದ ಇಂಗ್ಲಿಷು ಕಮ್, ಸಿಟ್ ಮತ್ತು ಟಾಟಾ. ಪಾಪ, ಮೂರು ದಿನ ಮೊಮ್ಮಗಳಿಗೆ ಕಮ್, ಸಿಟ್ ಅಂದು ನೋಡಿದರು. ನಾಲ್ಕನೇ ದಿನ, "ನಾಯಿಗೆ ಏಳ್ದಂಗಾಯ್ತದೆ ಕಣವ್ವ, ನನ್ ಕೈಲಾಗಲ್ಲ" ಅಂತ ಬ್ಯಾಗು ಹಿಡಿದು ಊರಿಗೆ ಹೊರಟರು. ಟಾಟಾ ಮಾತ್ರ ಸರಿಯಾಗಿ ಹೇಳಿದರು. ಮಗಳು ಅಳಲಿಲ್ಲ. ದಿನೇ ದಿನೇ ಅವಳ ಗಲಾಟೆ ಕಡಿಮೆಯಾಯಿತು. ಎರಡು ತಿಂಗಳಲ್ಲಿ ಕೇಳಿದ್ದಕ್ಕೆ ಎಸ್, ನೋ ಅನ್ನುವಷ್ಟು ಮಾತ್ರ ಉಳಿಯಿತು. ಎಷ್ಟು ಶಿಸ್ತು ಬಂದಿದೆ ನೋಡಿ ಅಂತ ನಾನು ಗಂಡನ ಮುಂದೆ ಬೀಗಿದೆ. ನನ್ನ ಬುದ್ಧಿಗೆ ಏನು ಹೇಳಲಿ!

ಸಂದರ್ಶನಕ್ಕೆ ಹೊಸ ಫ್ರಾಕು ಬೇಕಿತ್ತು. ಮಗಳನ್ನು ಕರೆದುಕೊಂಡು ನರಸೀಪುರಕ್ಕೆ ಹೋದೆ. ಟೈಲರಮ್ಮ ಮಿಷನ್ನು ನಿಲ್ಲಿಸಿ, ನಾಲ್ಕೂ ಪಿನ್ನು ತೆಗೆದು, "ಏನ್ ಕೂಸೇ, ನಿನ್ ಎಸ್ರೇನು?" ಅಂದರು. ಮಗಳು ನನ್ನ ಮುಖ ನೋಡಿದಳು. "ಊಟ ಏನ್ ಮಾಡ್ದೆ?" ಮತ್ತೆ ನನ್ನ ಮುಖ. ಇನ್ನೂ ಏನೇನೋ ಕೇಳಿದರು. ಅವಳು ತುಟಿ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಟೈಲರಮ್ಮ ಟೇಪು ಮಡಿಸಿ ಕೆಳಗಿಟ್ಟರು.

"ಇವತ್ತು ಅಳತೆ ಆಗಲ್ಲ. ಉಸುರೇ ಬುಡ್ತಾ ಇಲ್ವಲ್ಲವ್ವ ಇದು."

"ನಾಡಿದ್ದು ಇಂಟರ್‌ವ್ಯೂ ಅಮ್ಮ, ಸುಮ್ನೆ ಅಳತೆ ತಗೊಳ್ಳಿ" ಅಂದೆ. ನನಗೆ ಮೈ ಉರಿಯುತ್ತಿತ್ತು.

"ಬಿಳಿ ದಾರ ಮುಗ್ದದೆ. ಮೂಲೆ ಅಂಗ್ಡೀಲಿ ಒಂದು ಉಂಡೆ ತಕ್ಕೊಂಡ್ ಬಾ ಓಗು" ಅಂದರು. ಗೊಣಗಿಕೊಂಡು ಹೋದೆ. ದಾರ ತೆಗೆದುಕೊಂಡು ವಾಪಸು ಬರುವಾಗ ಅಂಗಡಿಯ ಪರದೆಯ ಹಿಂದಿನಿಂದ ಮಾತು ಕೇಳಿಸಿತು. ಯಾರೋ ಬೇರೆ ಮಗು ಬಂದಿದೆ ಅಂದುಕೊಂಡೆ. ನನ್ನ ಮಗಳೇ. ಅಜ್ಜಿ ಊರಲ್ಲಿ ಕರು ಹುಟ್ಟಿದೆಯಂತೆ, ಹಣೆಯಲ್ಲಿ ಬಿಳಿ ಮಚ್ಚೆ ಇದೆಯಂತೆ, ಅಪ್ಪ ಫೋನಿನಲ್ಲಿ ತೋರಿಸಿದರಂತೆ, ಅಜ್ಜಿ ಕೋಪ ಮಾಡಿಕೊಂಡು ಹೋದಳಂತೆ. ಎರಡು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು. ಕೊನೆಗೆ ದನಿ ತಗ್ಗಿಸಿ ಅಂದಳು, "ಅಮ್ಮಂಗೆ ಹೇಳ್ಬೇಡಿ ಆಯ್ತಾ? ನಾನು ಕನ್ನಡ ಮಾತಾಡ್ಬಿಟ್ಟೆ."

ನಾನು ಆ ಪರದೆ ಹಿಡಿದುಕೊಂಡು ನಿಂತೆ. ನನ್ನ ಬಾಯಿ ಕಟ್ಟಿದವರು ಯಾರೋ ಹೊರಗಿನವರು. ನನ್ನ ಮಗಳ ಬಾಯಿ ಕಟ್ಟಿದವಳು ನಾನು.

ಒಳಗೆ ಹೋದಾಗ ಟೈಲರಮ್ಮ ಏನೂ ಆಗದವರ ಹಾಗೆ ಎದೆಯ ಅಳತೆ ತೆಗೆಯುತ್ತಿದ್ದರು. ಪಿನ್ನು ಮತ್ತೆ ತುಟಿಗೆ ಹೋಗಿದ್ದವು. ಯಾವ ಶಾಲೆ ಅಂತ ಕೇಳಿದರು. ಹೇಳಿದೆ.

"ಆ ಸ್ಕೂಲ್ನೋರು ಬಟ್ಟೆ ಅವ್ರೇ ಕೊಡ್ತಾರೆ, ನನ್ನತ್ರ ಬರಂಗಿಲ್ಲ. ಆದ್ರೆ ಜುಲೈ ಬಂತು ಅಂದ್ರೆ ಅಲ್ಲಿನ್ ಚಿಕ್ ಮಕ್ಳ ತಾಯಂದ್ರು ಒಬ್ಬೊಬ್ರೇ ಬತ್ತಾರೆ. ಇದೇ ಬಣ್ಣದ್ದು ಇನ್ನೆರಡು ಚಡ್ಡಿ ಒಲ್ದುಕೊಡಿ, ಯಾರ್ಗೂ ಏಳ್ಬೇಡಿ ಅಂತಾರೆ. ಬೇರೆ ಕಡೆ ಮಕ್ಳಿಗೆ ಎರಡು ಚಡ್ಡೀಲಿ ವರ್ಸ ಕಳೀತದೆ, ಅವ್ಕೆ ಯಾಕವ್ವ ನಾಕು ಬೇಕು?"

"ಬೇಗ ಕೊಳೆ ಮಾಡ್ಕೋತಾವೇನೋ" ಅಂದೆ.

"ಉಚ್ಚೆ ಬಂದ್ರೆ ಕೇಳೋಕೆ ಬಾಯಿಲ್ಲ ಅವ್ಕೆ, ಅದುಕ್ಕೆ. ನೀನು ಯಾವ್ ಸ್ಕೂಲಿಗಾದ್ರೂ ಆಕು. ಆಕೋಕ್ ಮುಂಚೆ ಒಂದೇ ಒಂದು ಕೇಳ್ಕೊಂಡ್ ಬಾ. ನನ್ ಕೂಸು ಉಚ್ಚೆಗೆ ಓಗ್ಬೇಕು ಅಂತ ಅದರ ಮಾತಲ್ಲೇ ಕೇಳುದ್ರೆ ಬುಡ್ತೀರಾ, ಬುಡಲ್ವಾ?"

ನನ್ನ ತಪ್ಪು ಸಿಕ್ಕಿಬಿದ್ದಿತ್ತಲ್ಲ, ಕೋಪ ಬಂತು. "ನಿಮಗೆ ಇಂಗ್ಲಿಷ್ ಶಾಲೆ ಕಂಡ್ರೆ ಆಗಲ್ಲ, ಅದನ್ನ ಹೇಳಿ" ಅಂದುಬಿಟ್ಟೆ.

ಟೈಲರಮ್ಮ ಟೇಪು ಬಿಟ್ಟರು. ತುಟಿಯಿಂದ ಪಿನ್ನುಗಳನ್ನು ತೆಗೆಯತೊಡಗಿದರು. ಒಂದು, ಎರಡು, ಮೂರು, ನಾಲ್ಕು. ದೊಡ್ಡವರಿಗೋಸ್ಕರ ಅವರು ಪಿನ್ನು ತೆಗೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಮ್ಮಪ್ಪ ಇಟ್ಟಿಗೆ ಗೂಡಿನ ಕೆಲ್ಸಕ್ಕೆ ಈ ಊರಿಗೆ ಬಂದೋರು ಕಣವ್ವ, ತಮಿಳ್ರು. ಮನೇಲಿ ತಮಿಳು ಬುಟ್ರೆ ಒಂದ್ ಮಾತಿಲ್ಲ. ನನ್ನ ಸೇರ್ಸಿದ್ದು ಇದೇ ಊರಿನ ಕನ್ನಡ ಸ್ಕೂಲ್ಗೆ. ಎಂಗ್ ಕೇಳ್ಬೇಕೋ ಗೊತ್ತಾಗ್ನಿಲ್ಲ. ತಡ್ಕಂಡೆ, ತಡ್ಕಂಡೆ, ಕುಂತಿದ್ ಜಾಗ್ದಲ್ಲೇ ಆಗೋಯ್ತು. ಮಕ್ಳೆಲ್ಲ ನಗಾಡುದ್ರು. ಮಾರ್ನೇ ದಿನ ಓಗ್ನಿಲ್ಲ. ಆಮೇಕೂ ಓಗ್ನಿಲ್ಲ. ಅಷ್ಟೇ ನನ್ ಓದು. ಇಂಗ್ಲೀಷು ಬ್ಯಾಡ ಅಂತ ನಾನೆಲ್ಲವ್ವ ಅಂದೆ? ಕಲೀಲಿ, ಚೆಂದಾಗ್ ಕಲೀಲಿ. ಇದು ಇಂಗ್ಲೀಷು ಕನ್ನಡದ ಮಾತಲ್ಲ. ಕೂಸಿನ್ ಮಾತು."

ಅವರು ತಮಿಳರ ಮನೆಯವರು ಅಂತ ಅಲ್ಲಿಯತನಕ ನನಗೆ ಗೊತ್ತೇ ಇರಲಿಲ್ಲ. ನಮ್ಮೆಲ್ಲರಿಗಿಂತ ನರಸೀಪುರದ ಮಾತು ಅವರದೇ ಆಗಿತ್ತು.

ಬಸ್ಸಿನಲ್ಲಿ ಕೂತ ಕೂಡಲೇ ಮಗಳಿಗೆ ಕನ್ನಡದಲ್ಲಿ ಕೇಳಿದೆ, "ಕರುವಿಗೆ ಏನು ಹೆಸರಿಟ್ಟಿದಾರೆ?" ಅವಳು ಸುತ್ತಮುತ್ತ ಯಾರಾದರೂ ಬೈಯುತ್ತಾರೇನೋ ಅಂತ ನೋಡಿದಳು. ಆಮೇಲೆ ನಂಜನಗೂಡು ಬರುವ ತನಕ ಬಾಯಿ ಮುಚ್ಚಲಿಲ್ಲ. ಅವತ್ತೇ ಅತ್ತೆಗೆ ಫೋನು ಮಾಡಿ, "ತಪ್ಪಾಯ್ತು, ಬನ್ನಿ" ಅಂದೆ. ಅತ್ತೆ ಬಿಟ್ಟಾರೆಯೇ? "ಕಮ್ಮಾ?" ಅಂದರು.

ಇಂಟರ್‌ನ್ಯಾಷನಲ್ ಶಾಲೆಯ ಸಂದರ್ಶನಕ್ಕೆ ಹೋದೆವು. ಮಗುವನ್ನು ಅವರು ಕೇಳುವ ಮುಂಚೆ ಅವರನ್ನು ನಾನು ಕೇಳಿದೆ. ಮೇಜಿನಾಚೆ ಕೂತಿದ್ದ ಮೇಡಂ ನಕ್ಕು, "ಇಂಗ್ಲಿಷಲ್ಲಿ ಕೇಳೋವರೆಗೂ ನಾವು ಕಳಿಸಲ್ಲ ಮೇಡಂ. ಹಾಗೆ ಮಾಡಿದ್ರೆ ಮಕ್ಕಳು ಒಂದೇ ವಾರದಲ್ಲಿ ಕಲಿತುಬಿಡ್ತಾರೆ" ಅಂದರು, ಅದು ತಮ್ಮ ಶಾಲೆಯ ಹೆಮ್ಮೆ ಅನ್ನುವ ಹಾಗೆ. ಅರ್ಜಿ ವಾಪಸು ಕೊಡಿ ಅಂದೆ. ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದ. ತುಳಿಯಲಿ ಅಂತ ಎದ್ದೆ.

ರಜೆ ಹಾಕಿ ಶಾಲೆ ಶಾಲೆ ತಿರುಗಿದೆ. ಎಲ್ಲ ಕಡೆಯೂ ನನ್ನದು ಅದೇ ಪ್ರಶ್ನೆ. ಒಂದು ಕಡೆ, ಅದಕ್ಕೆ ಬೆಲ್ ಇದೆ ಅಂದರು. ಒಂದು ಕಡೆ, ಅಂಥ ಮಾತು ಇಲ್ಲಿ ಆಡಬೇಡಿ ಅಂದರು. ಇನ್ನೊಂದು ಕಡೆ ಮಗುವಿಗೆ ಏನಾದರೂ ಕಾಯಿಲೆಯೇ ಅಂತ ಕೇಳಿದರು. "ನಿನಗೆ ಹುಚ್ಚು, ಅದೊಂದು ಮಾತಿಗೋಸ್ಕರ ಶಾಲೆ ಬಿಡ್ತೀಯಾ?" ಅಂತ ಲ್ಯಾಬಿನ ಗೆಳತಿಯರು ನಕ್ಕರು. ನಾನು ಜಗ್ಗಲಿಲ್ಲ.

ತಾಂಡ್ಯದ ಆಚೆಗೆ ಒಂದು ಸಣ್ಣ ಶಾಲೆಯಿತ್ತು. ಅದರ ಹೆಸರಿನಲ್ಲೂ ಇಂಟರ್‌ನ್ಯಾಷನಲ್ ಅಂತಿತ್ತು, ಆದರೆ ಬೋರ್ಡಿನ ಬಣ್ಣ ಹೋಗಿತ್ತು. ಅಲ್ಲಿನ ಹೆಡ್‌ಮಿಸ್ಸು ನನ್ನ ಪ್ರಶ್ನೆ ಕೇಳಿ ತಾವು ಉತ್ತರ ಹೇಳದೆ ಆಯಾಳನ್ನು ಕರೆದರು. ಆಯಾ ಸೆರಗಿಗೆ ಕೈ ಒರೆಸಿಕೊಂಡು, "ಕೇಳೋಗಂಟ ಯಾಕ್ ಕಾಯೋದವ್ವ? ಮಕ ನೋಡುದ್ರೆ ಗೊತ್ತಾಗಲ್ವಾ?" ಅಂದಳು. ಆಮೇಲೆ ಹೆಡ್‌ಮಿಸ್ಸು ನನ್ನನ್ನು ಎಲ್‌ಕೆಜಿ ಕೋಣೆಗೆ ಕರೆದುಕೊಂಡು ಹೋದರು. ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದ ಬಿಹಾರದ, ಒಡಿಶಾದ, ತಮಿಳುನಾಡಿನ ಜನರ ಮಕ್ಕಳು ಆ ಶಾಲೆಯಲ್ಲಿದ್ದರು. ಬಾಗಿಲ ಪಕ್ಕದ ಗೋಡೆಯ ಮೇಲೆ ಕನ್ನಡ ಅಕ್ಷರದಲ್ಲಿ ಆ ಮಕ್ಕಳ ಮನೆಮಾತುಗಳನ್ನು ಬರೆದು ಅಂಟಿಸಿದ್ದರು. ನೀರು ಬೇಕು, ಹೊಟ್ಟೆ ನೋವು, ಹೊರಗೆ ಹೋಗಬೇಕು, ಅಮ್ಮ ಎಲ್ಲಿ. ಅದು ಮಕ್ಕಳು ಕಲಿಯುವುದಕ್ಕಲ್ಲ, ಮಿಸ್ಸುಗಳು ಕಲಿಯುವುದಕ್ಕೆ. "ಮಗು ಅದರ ಮಾತಲ್ಲಿ ಹೇಳತ್ತೆ, ನಾವು ಅದರ ಪಕ್ಕಕ್ಕೆ ಇಂಗ್ಲಿಷ್ ಇಡ್ತೀವಿ. ಸ್ವಲ್ಪ ನಿಧಾನ ಆಗತ್ತೆ, ಮೊದಲೇ ಹೇಳಿದೀನಿ" ಅಂದರು. ಅಲ್ಲೇ ನಿಂತು ಅರ್ಜಿ ತುಂಬಿದೆ.

ಮರುವಾರ ಯೂನಿಫಾರ್ಮಿಗೆ ಬಟ್ಟೆ ತೆಗೆದುಕೊಂಡು ನರಸೀಪುರಕ್ಕೆ ಹೋದೆ. ಟೈಲರಮ್ಮ ಶಾಲೆಯ ಹೆಸರು ಕೇಳಲಿಲ್ಲ. ಬಲತುದಿಯಿಂದ, "ಎಷ್ಟು ಚಡ್ಡಿ?" ಅಂದರು.

"ಎರಡೇ" ಅಂದೆ.

ಅವರ ತುಟಿಯಲ್ಲಿದ್ದ ಪಿನ್ನುಗಳು ಅಲುಗಿದವು. ನಗುತ್ತಿದ್ದರು.

ಹೆಡ್‌ಮಿಸ್ಸು ಹೇಳಿದ ಹಾಗೆಯೇ ನಿಧಾನವಾಯಿತು. ಎರಡನೇ ಕ್ಲಾಸಿನ ತನಕ ಅಕ್ಕಪಕ್ಕದ ಮಕ್ಕಳ ಇಂಗ್ಲಿಷು ಕೇಳಿ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಐದನೇ ಕ್ಲಾಸು. ಇಂಗ್ಲಿಷಿನಲ್ಲಿ ನನಗೇ ಬುದ್ಧಿ ಹೇಳುತ್ತಾಳೆ, ಹಿಂದಿಯಲ್ಲಿ ಜಗಳವಾಡುತ್ತಾಳೆ, ಅಜ್ಜಿಯ ಜೊತೆ ಅಜ್ಜಿಯ ಹಾಗೇ ಮಾತಾಡುತ್ತಾಳೆ. ಪ್ರತಿ ಮೇ ತಿಂಗಳೂ ಅಳತೆ ಕೊಡುವುದಕ್ಕೆ ಹೋದರೆ ವರ್ಷದ ಸುದ್ದಿಯನ್ನೆಲ್ಲ ಟೈಲರಮ್ಮನಿಗೆ ಒಪ್ಪಿಸಿ ಬರುತ್ತಿದ್ದಳು. ಆ ಹೊತ್ತಿನಲ್ಲಿ ನನಗೆ ಅಂಗಡಿಯೊಳಗೆ ಜಾಗವಿಲ್ಲ. ದಾರ ತರುವುದಕ್ಕೆ ಕಳಿಸುತ್ತಿದ್ದರು.

ಹೋದ ವರ್ಷ ಟೈಲರಮ್ಮನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಅವರು ತೀರಿಹೋಗುವುದಕ್ಕೆ ನಾಲ್ಕು ದಿನ ಮುಂಚೆ, ಒಂದು ಭಾನುವಾರ ನಾವು ನೋಡಲು ಹೋಗಿದ್ದೆವು. ಮಂಚದ ಸುತ್ತ ನೆಂಟರು ನಿಂತು, ಅವರಿಗೆ ಕಿವಿಯೂ ಹೋಗಿದೆಯೇನೋ ಅನ್ನುವ ಹಾಗೆ ಅವರ ವಿಷಯವನ್ನೇ ಜೋರಾಗಿ ಮಾತಾಡಿಕೊಳ್ಳುತ್ತಿದ್ದರು. ನಾನು ಕಾಲ ಹತ್ತಿರ ಕೂತು ಏನೇನೋ ಹೇಳಿದೆ. ನಿಮ್ಮ ಋಣ ತೀರಿಸುವುದಕ್ಕಾಗುವುದಿಲ್ಲ ಅಂತಲೂ ಹೇಳಿದೆ. ಅವರು ಸೂರು ನೋಡುತ್ತಾ ಮಲಗಿದ್ದರು.

ಮಗಳು ಜನರ ನಡುವೆ ನುಗ್ಗಿ ತಲೆಯ ಹತ್ತಿರ ಹೋಗಿ ನಿಂತಳು. "ಅಜ್ಜಿ, ನಾನೊಂದು ವಿಷಯ ಹೇಳ್ಬೇಕು" ಅಂದಳು.

ಟೈಲರಮ್ಮನ ಕಣ್ಣು ಅವಳತ್ತ ತಿರುಗಿತು. ಎಡಗೈ ನಿಧಾನವಾಗಿ ಮೇಲೆದ್ದು ತುಟಿಯ ಎಡತುದಿಗೆ ಹೋಯಿತು. ಎರಡು ಬೆರಳಿನಿಂದ ಅಲ್ಲಿ ಇಲ್ಲದ ಒಂದು ಪಿನ್ನನ್ನು ತೆಗೆದು ಪಕ್ಕದ ದಿಂಬಿಗೆ ಚುಚ್ಚಿದರು. ಮತ್ತೆ ಕೈ ಎತ್ತಿದರು. ನೆಂಟರು, "ಏನೋ ಕೇಳ್ತಾವ್ರೆ, ನೀರು ಕೊಡಿ" ಅಂದರು. ಮಗಳು ಅವರಿಗೆ ಸುಮ್ಮನಿರಿ ಅಂತ ಕೈ ಮಾಡಿದಳು. ಎರಡನೆಯದು. ಮೂರನೆಯದು. ಕೈ ಅರ್ಧದಲ್ಲೇ ನಿಂತಿತು, ಮಗಳು ಕಾದಳು. ನಾಲ್ಕನೆಯದನ್ನೂ ತೆಗೆದು ಚುಚ್ಚಿ, ಟೈಲರಮ್ಮ ಅವಳ ಮುಖ ನೋಡಿದರು.

"ನಮ್ಮ ಕ್ಲಾಸಿಗೆ ಒಬ್ಬಳು ಹೊಸ ಹುಡುಗಿ ಬಂದಿದಾಳೆ ಅಜ್ಜಿ" ಅಂತ ಶುರು ಮಾಡಿದಳು. "ಅವಳ ಮಾತು ಅಲ್ಲಿ ಯಾರಿಗೂ ಬರಲ್ಲ. ನಾನು ಕಲೀತಾ ಇದೀನಿ."