ಪೊನಿಯೆಮಜ್ಜಿಯ ಹೆಬ್ಬೆರಳು

ಕಾಲಿಪೆಲೆಮ್ ಊರಿನಲ್ಲಿ ನಲವತ್ತರೊಳಗಿನ ಯಾರನ್ನೇ ಹಿಡಿದು ಕೇಳಿ, ಹಸುಗೂಸಾಗಿದ್ದಾಗ ಪೊನಿಯೆಮಜ್ಜಿಯ ತೊಡೆಯ ಮೇಲೆ ಎಣ್ಣೆ ನೀವಿಸಿಕೊಂಡವರೇ. ಆ ಅಜ್ಜಿಯ ಬಲ ಹೆಬ್ಬೆರಳ ಮೇಲೆ ಒರಟು ಗಂಟೊಂದು ಎದ್ದಿತು. ಜಡ್ಡು ಎಂದುಕೊಂಡು ಬ್ಲೇಡಿನಿಂದ ಹೆರೆದಳು. ಒಂದಿದ್ದದ್ದು ಐದಾಯಿತು.

ಜಾವಾದವರಾದ ನಾವು ಎದುರಿಗೆ ಒರಟು ಮಾತಾಡುವವರಲ್ಲ. "ಹೇಳಿ ಕಳಿಸ್ತೀವಿ ಅಜ್ಜಿ" ಎಂದು ನಗುನಗುತ್ತಲೇ ಒಂದೊಂದು ಮನೆಯೂ ಅವಳನ್ನು ಕೈಬಿಟ್ಟಿತು. ಯಾಕೆಂದು ಯಾರೂ ಬಾಯಿ ಬಿಡಲಿಲ್ಲ. ಇಂಥ ಮರ್ಯಾದೆಗಿಂತ ಬೈಗುಳವೇ ಎಷ್ಟೋ ವಾಸಿ.

ಬಾಯಿ ಬಿಟ್ಟವಳು ಆರೋಗ್ಯ ಕೇಂದ್ರದ ದಾದಿ ತಿಯುರ್, ಮುಖಕ್ಕೆ ಹೊಡೆದಂತೆ ಮಾತಾಡುವ ಸುಮಾತ್ರಾ ಕಡೆಯ ಬಾತಕ್ ಜನದ ಹೆಂಗಸು. ದಾರಿಯಲ್ಲೇ ಅಜ್ಜಿಯ ಕೈ ಹಿಡಿದುಕೊಂಡಳು.

"ಜಡ್ಡೂ ಅಲ್ಲ, ಮಣ್ಣೂ ಅಲ್ಲ. ನರಹುಲಿ ಇದು. ನೋಡಿ, ಚರ್ಮದ ಗೆರೆ ಇಲ್ಲಿ ತುಂಡಾಗಿದೆ. ಒಳಗಿರೋ ಕರೀ ಚುಕ್ಕಿ ಹೆಪ್ಪುಗಟ್ಟಿದ ರಕ್ತ. ಬ್ಲೇಡಲ್ಲಿ ಹೆರೆದು ನೀವೇ ಹಬ್ಬಿಸಿಕೊಂಡಿದ್ದೀರಿ. ಮುಟ್ಟಿದ್ರೆ ಮಕ್ಕಳಿಗೂ ಅಂಟುತ್ತೆ."

"ನಿನ್ನ ನಾಲಿಗೆಗೆ ಹುಳ ಬೀಳ!"

"ಬೀಳಲಿ. ಮೊದಲು ಇದು ಉದುರಲಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಜ್ಜಿಯೂ ಒದೆಯುತ್ತಿದ್ದಳೇನೋ. ಆದರೆ ಮೊಮ್ಮಗನ ಹೆಂಡತಿ ರೆತ್ನೊಗೆ ಆಗ ಐದು ತಿಂಗಳು. ಹುಟ್ಟುವ ಮರಿಮಗುವನ್ನು, ನಮ್ಮಲ್ಲಿ ಶಾಸ್ತ್ರ ಮಾಡುವ ಮೂವತ್ತೈದನೆಯ ದಿನ, ತನ್ನ ಕೈಯಾರೆ ನೀವಬೇಕೆಂಬುದೊಂದೇ ಅವಳಿಗೆ ಉಳಿದಿದ್ದ ಆಸೆ. ದಾದಿಯ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಔಷಧಿ ಇಸಕೊಂಡಳು.

ದಿನವೂ ಬೆರಳು ನೆನೆಸಿ, ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ, ನರಹುಲಿಯ ಮೇಲಷ್ಟೇ ಔಷಧಿ ಹಚ್ಚಿ, ಪಟ್ಟಿ ಸುತ್ತಿದಳು. ಉಜ್ಜುವ ಕಲ್ಲು ಬೇರೆ, ಒರೆಸುವ ಬಟ್ಟೆ ಬೇರೆ. ಮೂರು ತಿಂಗಳು ಒಂದು ಮಗುವನ್ನೂ ಮುಟ್ಟಲಿಲ್ಲ. ಕೊನೆಗೆ ತಿಯುರ್ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಚರ್ಮದ ಗೆರೆಗಳು ಮತ್ತೆ ಕೂಡಿಕೊಂಡಿದ್ದವು.

"ವಾಸಿಯಾಗಿದೆ. ಯಾವ ಮಗೂನ ಬೇಕಾದ್ರೂ ಎತ್ತಿಕೊಳ್ಳಿ."

ಮಗು ಹುಟ್ಟಿದ ಮೂವತ್ತೈದನೆಯ ದಿನ ರೆತ್ನೊ ತವರಿನಲ್ಲಿ ತಾನೇ ಚಾಪೆ ಹಾಸಿ, "ಬನ್ನಿ ಅಜ್ಜಿ, ನಿಮ್ಮ ಕೈಗುಣ ಯಾರಿಗಿದೆ" ಎಂದು ಮಗುವನ್ನು ತೊಡೆಗಿತ್ತಳು. ಕೊಬ್ಬರಿ ಎಣ್ಣೆ ಹಚ್ಚಿ ನೀವುತ್ತಿದ್ದಂತೆ ಮಗು ಮೈಮುರಿದು ಆಕಳಿಸಿತು. ಅಜ್ಜಿಯ ಎದೆ ತುಂಬಿ ಬಂತು. ಊರಿನ ಮೇಲಿದ್ದ ಸಿಟ್ಟನ್ನೆಲ್ಲ ಅಲ್ಲೇ ಮರೆತಳು.

ಮನೆಗೆ ಹೊರಟು ಅರ್ಧ ದಾರಿ ನಡೆದ ಮೇಲೆ ಕೊಡೆ ಬಿಟ್ಟು ಬಂದದ್ದು ನೆನಪಾಗಿ ಹಿಂತಿರುಗಿದಳು. ಹಿತ್ತಲಿನಲ್ಲಿ ಮಗು ಕಿರುಚಾಡುತ್ತಿತ್ತು. ಹಬೆಯಾಡುವ ನೀರಿನ ಬೋಗುಣಿ ಮುಂದಿಟ್ಟುಕೊಂಡು ರೆತ್ನೊ ಅದರ ಮೈಗೆ ಔಷಧಿ ಸೋಪು ತಿಕ್ಕುತ್ತಿದ್ದಳು.

"ತೊಡೆ ಸಂದೀಲೂ ಉಜ್ಜೇ," ಎನ್ನುತ್ತಿದ್ದಳು ಅವಳ ತಾಯಿ, "ಆ ಮುದುಕಿ ಕೈ ಎಲ್ಲೆಲ್ಲಿ ಆಡಿದೆಯೋ."

ತಲೆ ಎತ್ತಿದ ರೆತ್ನೊ ಅಜ್ಜಿಯನ್ನು ಕಂಡು ಬಿಳಿಚಿಕೊಂಡಳು.

"ಅಜ್ಜಿ, ಹಾಗಲ್ಲ... ಎಣ್ಣೆ ಜಾಸ್ತಿಯಾಗಿತ್ತು, ಅದಕ್ಕೆ..."

ಬೆರಳು ವಾಸಿಯಾಗಿತ್ತು, ಊರಿಗೆ ವಾಸಿಯಾಗಿರಲಿಲ್ಲ. ಪೊನಿಯೆಮಜ್ಜಿ ಹೆಬ್ಬೆರಳನ್ನು ಚಾಚಿ ತೋರಿಸಲೂ ಇಲ್ಲ.

"ನೀರು ಬಿಸಿಯಾಯ್ತು ಕಣೇ," ಎಂದಳು. "ಕೂಸಿನ ಮೈ ಸುಡುತ್ತೆ. ತಣ್ಣೀರು ಬೆರೆಸು."

ರೆತ್ನೊ ತಣ್ಣೀರು ಬೆರೆಸಿದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.