ಅತ್ತೆಯ ಅರ್ಧ ತಲೆ ಮತ್ತು ಸೋಮವಾರದ ಉಪವಾಸ

ನಮ್ಮತ್ತೆ ಹಣೆಗೆ ಬಿಗಿಯುತ್ತಿದ್ದ ಪಟ್ಟಿ ಮಾವನವರ ಹಳೆಯ ಧೋತರದ ಅಂಚಿನದು. ಎಡಗಣ್ಣಿನ ಮೇಲೆ ಗಂಟು, ಗಂಟಿನ ಪಕ್ಕಕ್ಕೆ ಒಣಶುಂಠಿ ತೇಯ್ದ ಲೇಪ, ಕೆಳಗೆ ಅರ್ಧ ಮುಚ್ಚಿದ ಒಂದು ಕಣ್ಣು. ಇನ್ನೊಂದು ಕಣ್ಣು ಮಾತ್ರ ಪೂರ್ತಿ ತೆರೆದು, ಸೊಸೆ ಬಾಣಲೆಗೆ ಎಣ್ಣೆ ಎಷ್ಟು ಸುರಿಯುತ್ತಾಳೆಂದು ನೋಡುತ್ತಿತ್ತು. ನಾನು ಮದುವೆಯಾಗಿ ಶಹಾಬಾದಿಗೆ ಬಂದ ಮೊದಲ ವಾರವೇ ನನಗೆ ತಿಳಿದುಹೋಯಿತು, ಈ ಮನೆಯನ್ನು ಆಳುವುದು ಅತ್ತೆಯ ಎಡಗಡೆಯ ಅರ್ಧ ತಲೆ ಎಂದು.

ಪಟ್ಟಿ ಬಿಗಿದರೆಂದರೆ ಕಿಟಕಿ ಮುಚ್ಚಬೇಕು. ಒಗ್ಗರಣೆ ಬಂದ್. ಮಾವನವರು ಊದಿನಕಡ್ಡಿ ಹಚ್ಚದೆ ಪೂಜೆ ಮುಗಿಸಬೇಕು, ರೇಡಿಯೋದವರು ಪಿಸುಗುಟ್ಟಿ ವಾರ್ತೆ ಓದಬೇಕು. ಕಾರ್ಖಾನೆಯ ಭೋಂಗಾ ಒಂದೇ ಅತ್ತೆಯ ಮಾತು ಕೇಳುತ್ತಿರಲಿಲ್ಲ. ಅದು ಕೂಗಿದಾಗಲೆಲ್ಲ ಕತ್ತಲೆ ಕೋಣೆಯಿಂದ "ಇದರ ಬಾಯಾಗ ಮಣ್ಣ ಬೀಳಲಿ!" ಎಂಬ ಆಶೀರ್ವಾದ ಹೊರಡುತ್ತಿತ್ತು.

ಈ ಅರೆತಲೆನೋವಿನ ಕಾರಣ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು. ಅಂಗಳಕ್ಕೆ ಹಾಸಿದ ಪರಸಿ ಕಲ್ಲಿನ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂದರು ಒಬ್ಬರು. ನಿದ್ದೆಗೇಡು ಅಂದರು ಇನ್ನೊಬ್ಬರು. ಚಹಾ ಹೆಚ್ಚಾಯಿತು ಅಂದವರಿಗೆ ಅತ್ತೆ ಚಹಾ ಕೊಡುವುದನ್ನೇ ನಿಲ್ಲಿಸಿದರು. ಯಾವುದೂ ಸುಳ್ಳಲ್ಲ. ನೆರಳಲ್ಲಿದ್ದು, ಚೆನ್ನಾಗಿ ನಿದ್ದೆಯಾದ ದಿನ ಅವರು ಹಗುರಾಗಿರುತ್ತಿದ್ದರು. ಆದರೆ ಅತ್ತೆ ನಂಬಿದ್ದು ದೇವರನ್ನು. ತಲೆನೋವು ಹೋಗಲಿ ಎಂದು ಸೋಮವಾರದ ಉಪವಾಸ ಹಿಡಿದಿದ್ದರು. ಸೋಮವಾರ ಇಳಿಹೊತ್ತಿಗೆ ನೋವು ಬಂತು. ಒಂದು ದಿನ ದೇವರಿಗೆ ಸಾಲಲಿಲ್ಲವೆಂದು ಗುರುವಾರವನ್ನೂ ಸೇರಿಸಿದರು. ನೋವು ಗುರುವಾರವೂ ಬರತೊಡಗಿತು. ನಾನು ಆ ಮನೆ ಹೊಕ್ಕಾಗ ಶನಿವಾರದ ಆಲೋಚನೆ ನಡೆದಿತ್ತು.

"ಅತ್ತಿ, ಉಪಾಸ ಇದ್ದ ದಿನಾನೇ ಬರ್ತದಲ್ರಿ?" ಎಂದೆ ಒಮ್ಮೆ, ಧೈರ್ಯ ಮಾಡಿ.

"ಹೌದು. ದೇವರು ಪರೀಕ್ಷಾ ಮಾಡಾಕತ್ತಾನ. ನಿನಗ ಇವೆಲ್ಲ ತಿಳಿಯಂಗಿಲ್ಲ, ಹೋಗಿ ಹಿಟ್ಟು ನಾದು."

ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಡಾಕ್ಟರರೂ ಹೇಳಿದ್ದರಂತೆ. ದೇವರ ವಿಷಯ ಓದದ ಡಾಕ್ಟರು ಎಂದು ಅತ್ತೆ ಅವರ ಕಡೆ ಹೋಗುವುದನ್ನೇ ಬಿಟ್ಟಿದ್ದರು.

ನಾನು ಒಳಗೊಳಗೇ ನಗುತ್ತಿದ್ದೆ, ಅವರ ಸಂಕಟ ಗೊತ್ತಾಗುವವರೆಗೆ. ತಾಳಿ ಕಟ್ಟಿ, ವಧೂವರರ ಮೇಲೆ ಅಕ್ಕಿಕಾಳು ಬೀಳುವ ತನಕ ವಧುವಿನ ತಾಯಿ ಉಪವಾಸ ಇರುವುದು ನಮ್ಮ ಮನೆತನದ ರೂಢಿ. ದೊಡ್ಡ ಮಗಳ ಮದುವೆಯಲ್ಲಿ ಅತ್ತೆ ಹಾಗೆಯೇ ಇದ್ದರು. ಮುಹೂರ್ತದ ಹೊತ್ತಿಗೆ ಹೊರಗೆ ಬಾಜಾ, ಒಳಗೆ ಅತ್ತೆ ಪಟ್ಟಿ ಬಿಗಿದುಕೊಂಡು ವಾಂತಿ ಮಾಡಿಕೊಳ್ಳುತ್ತಿದ್ದರು. ಮಗಳಿಗೆ ತಾಳಿ ಕಟ್ಟಿದ್ದನ್ನು ಅವರು ನೋಡಲೇ ಇಲ್ಲ. ಈಗ ಚಿಕ್ಕ ಮಗಳಿಗೆ ಚಿಂಚೋಳಿಯ ವರ ಗೊತ್ತಾಗಿದ್ದ. "ಇದನ್ನರ ಕಣ್ಣಾರೆ ನೋಡಬೇಕವ್ವಾ" ಎಂದು ನನ್ನೆದುರು ಒಮ್ಮೆ ಅತ್ತರು. ಅದಕ್ಕೆಂದೇ ಶನಿವಾರವನ್ನೂ ಹಿಡಿಯಬೇಕೆಂದಿದ್ದರು.

ದಾರಿ ತೋರಿಸಿದವರು ಪಕ್ಕದ ಮನೆಯ ಖಾಲಾ. ರಂಜಾನ್ ತಿಂಗಳಲ್ಲಿ ಒಂದು ದಿನ ಅವರು ಹಟ್ಟಹಗಲಲ್ಲೇ ರೊಟ್ಟಿ ಮುರಿಯುತ್ತಿದ್ದುದನ್ನು ಅತ್ತೆ ಗೋಡೆಯ ಮೇಲಿಂದ ಕಂಡುಹಿಡಿದರು.

"ಇದೇನು, ರೋಜಾ ಇಲ್ಲೇನು ಇವತ್ತು?"

"ಜ್ವರ ಬಂದಾವ ಅಕ್ಕಾ. ಬ್ಯಾನಿ ಇದ್ದವರಿಗಿ ರೋಜಾ ಮಾಫ್ ಅದ. ಆರಾಮಾದ ಮ್ಯಾಲ ಹಿಡಿದ್ರಾತು." ಖಾಲಾ ನಿಶ್ಚಿಂತೆಯಿಂದ ಇನ್ನೊಂದು ತುತ್ತು ನುಂಗಿ ಕೇಳಿದರು, "ಯಾಕ, ನಿಮ್ಮ ದೇವರು ಮಾಫ್ ಮಾಡಂಗಿಲ್ಲೇನು? ಭಾಳ ಕಡಕ್ ಅದಾನೇನು?"

ಅತ್ತೆಗೆ ತಲೆನೋವು ಸಹಿಸುವುದು ಗೊತ್ತಿತ್ತು. ತಮ್ಮ ದೇವರು ಪಕ್ಕದ ಮನೆಯ ದೇವರಿಗಿಂತ ಕರುಣೆಯಲ್ಲಿ ಕಡಿಮೆ ಎಂಬ ಮಾತನ್ನು ಸಹಿಸುವುದು ಗೊತ್ತಿರಲಿಲ್ಲ. ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದು, ದೀಪ ಹಚ್ಚಿ ಕೈಮುಗಿದು ಎದ್ದು ಬಂದು, "ನಮ್ಮವನೂ ಮಾಫ್ ಮಾಡ್ಯಾನ" ಎಂದು ಸಾರಿದರು. ಆದರೆ ಉಪವಾಸದ ಬದಲಿಗೆ ಏನನ್ನಾದರೂ ಬಿಡಲೇಬೇಕಲ್ಲ, ಅದೂ ಜೀವಕ್ಕೆ ಪ್ರಿಯವಾದದ್ದನ್ನು. ಬಹಳ ಯೋಚಿಸಿ, ಸೋಮವಾರ ಮತ್ತು ಗುರುವಾರ ನನ್ನನ್ನು ಬಯ್ಯುವುದನ್ನು ಬಿಟ್ಟರು.

ಎಂಥ ಕಠಿಣ ವ್ರತ! ಸೋಮವಾರ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ತುಟಿ ಕಚ್ಚಿಕೊಂಡು ಉಣ್ಣುತ್ತಿದ್ದರು. ಮಂಗಳವಾರ ಬೆಳಕು ಹರಿಯುವ ಮೊದಲೇ ಬಡ್ಡಿ ಸಮೇತ ಕೊಡುತ್ತಿದ್ದರು. ಆದರೆ ಪಟ್ಟಿ ಈಗ ಬಹಳ ದಿನ ಗೂಟದ ಮೇಲೆಯೇ ಇರುತ್ತಿತ್ತು. ನೋವು ಪೂರ್ತಿ ಹೋಯಿತೆಂದಲ್ಲ, ಬಿಸಿಲಿಗೆ ಹೋದರೆ, ನಿದ್ದೆಗೆಟ್ಟರೆ ಬರುತ್ತಿತ್ತು. ಅದನ್ನು ತಿಳಿದು ಅತ್ತೆ ಬಟ್ಟೆ ಒಣಹಾಕುವ ಕೆಲಸವನ್ನು ಮಾವನವರಿಗೆ ವಹಿಸಿದರು.

ಮದುವೆಯ ದಿನ ಬೆಳಿಗ್ಗೆ ಹಂದರದ ನೆರಳಲ್ಲಿ, ಬಂಧುಬಳಗದ ಕಣ್ಣೆದುರಿಗೇ, ಅತ್ತೆ ಕುಳಿತು ರೊಟ್ಟಿ, ಪುಂಡಿಪಲ್ಯ ಉಂಡರು.

"ಮಗಳ ಅಕ್ಕಿಕಾಳ ಇನ್ನಾ ಬಿದ್ದಿಲ್ಲ, ತಾಯಿ ಉಣ್ಣಾಕತ್ತಾಳ!" ಎಂದು ಮಾವನವರ ಅಕ್ಕ ಬಾಯಿಯ ಮೇಲೆ ಕೈಯಿಟ್ಟರು.

ಅಂದು ಗುರುವಾರ. ಆದರೆ ಬಯ್ಯದ ವ್ರತ ಸೊಸೆಗೆ ಮಾತ್ರ ಸಂಬಂಧಿಸಿದ್ದು. "ಹಸಿದು ಕ್ವಾಣ್ಯಾಗ ಬಿದ್ದಾಕಿ ತಾಯಿ, ಉಂಡು ನಿಂತಾಕಿ ತಾಯಿ ಅಲ್ಲೇನು? ನೀವೂ ಕುಂದ್ರಿ, ಉಣ್ರಿ. ಬಾಯಿ ಸುಮ್ಮನರ ಆಗ್ತದ" ಎಂದು ಅತ್ತೆ ಪಲ್ಯಕ್ಕಾಗಿ ನನ್ನ ಕಡೆ ತಾಟು ಚಾಚಿದರು. ಮುಹೂರ್ತಕ್ಕೆ ಎಲ್ಲರಿಗಿಂತ ಮುಂದೆ ನಿಂತು, ಎರಡೂ ಕಣ್ಣು ತೆರೆದು ನೋಡಿದರು. ಅಕ್ಕಿಕಾಳನ್ನು ಅವರು ಎಸೆದ ರಭಸಕ್ಕೆ ಅಳಿಯ ಕಣ್ಣುಜ್ಜಿಕೊಳ್ಳಬೇಕಾಯಿತು.

ನಮ್ಮ ಮನೆಯಲ್ಲಿ ಸೊಸೆ ಉಣ್ಣುವುದು ಎಲ್ಲರದೂ ಮುಗಿದ ಮೇಲೆ. ನಾದಿನಿಯ ಮದುವೆಯಾಗಿ ಕೆಲವು ತಿಂಗಳಿಗೆ, ಒಲೆಯ ಮುಂದೆ ನಾನು ಹಣೆ ಒತ್ತಿಕೊಳ್ಳುತ್ತಿದ್ದುದನ್ನು ಅತ್ತೆ ನೋಡಿದರು. ಯಾವ ಕಡೆ ಎಂದು ಕೇಳಿದರು. ಬಲಗಡೆ ಎಂದೆ. ಪಟ್ಟಿ ತರುತ್ತಾರೆಂದುಕೊಂಡರೆ ತಾಟು ತಂದರು. ಪಡಸಾಲೆಯಲ್ಲಿ ಗಂಡಸರು ಊಟಕ್ಕೆ ಕಾದು ಕುಳಿತಿದ್ದರು. "ತಡೀರಿ, ಆಕಿ ಮೊದಲು ಉಣ್ಣಲಿ!" ಎಂದು ಒಳಗಿನಿಂದಲೇ ಕೂಗಿದರು. ಮಾವನವರು ಏನೋ ಹೇಳಲು ಬಾಗಿಲಿಗೆ ಬಂದವರು ಅತ್ತೆಯ ಮುಖ ನೋಡಿ ಹಿಂದಿರುಗಿದರು. ಅಂದಿನಿಂದ ನಾನು ಹಸಿದು ಬಡಿಸಿದ್ದಿಲ್ಲ. ನನ್ನ ತಾಯಿಯೂ ನನಗೆ ಇಷ್ಟು ಮಾಡಿರಲಿಲ್ಲ.

ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ ಅತ್ತೆ ಎದೆನೋವೆಂದು ಮಲಗಿದವರು ಏಳಲಿಲ್ಲ. ಮಣ್ಣಾಗುವ ತನಕ ಮನೆಯವರು ಏನೂ ಮುಟ್ಟುವಂತಿಲ್ಲ. ಚಿಂಚೋಳಿಯಿಂದ ಮಗಳು ಬರುವುದನ್ನು ಕಾಯುತ್ತ ಮಧ್ಯಾಹ್ನವಾಯಿತು. ಆಗ ಖಾಲಾ ಸೆರಗಿನಡಿ ತಾಟು ಮುಚ್ಚಿಕೊಂಡು ಹಿತ್ತಲಿನಿಂದ ಬಂದು, ನನ್ನನ್ನು ಅಡುಗೆಮನೆಗೆ ಎಳೆದೊಯ್ದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ.

"ನಿಮ್ಮತ್ತಿ ನನಗ ಹೇಳಿಟ್ಟಾಳ" ಎಂದರು ಖಾಲಾ, ಅಳುತ್ತ. "ನಾ ಸತ್ತ ದಿನ ಈ ಹುಚ್ಚಿ ಉಪಾಸ ಕುಂದರ್ತಾಳ, ನೀ ಬಂದು ಉಣಿಸು ಅಂದಾಳ. ತಿನ್ನವ್ವಾ."

ಪಡಸಾಲೆಯಲ್ಲಿ ನಮ್ಮ ಪದ್ಧತಿಯಂತೆ ಅತ್ತೆಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು, ಭಜನೆ ನಡೆದಿತ್ತು. ನಾನು ಬಾಗಿಲ ಹಿಂದೆ ಕುಳಿತು, ಅಳುತ್ತಲೇ, ಎಲ್ಲರಿಗಿಂತ ಮೊದಲು ಉಂಡೆ.